ಬೋಳು ಹಣೆಯ ಫೋಟೋ

ಜೋರಾಪುರ ಪೇಟೆ, ವಿಜಾಪುರ
೯ ನವೆಂಬರ ೧೯೬೪

ಯಜಮಾನರ ಪಾದಗಳಿಗೆ ನಮಸ್ಕಾರ.

ಮೊದಲು ನಿಮ್ಮ ಆರೋಗ್ಯ ಹೇಗಿದೆ ಬರೆಯಿರಿ. ಅಮೆರಿಕೆಯಲ್ಲಿ ಹಿಮ ಬೀಳಲು ಶುರುವಾಯಿತೇ? ಮೂಗು ಕಟ್ಟಿದರೆ ಅಜವಾನದ ಹೊಗೆ ತೆಗೆದುಕೊಳ್ಳಿ, ನೀವು ಬಾಡಿಗೆಗಿರುವ ಆ ಮನೆಯೊಡತಿ ಬಯ್ಯದಿದ್ದರೆ. ಇಲ್ಲಿ ಅತ್ತೆಯವರಿಗೆ ಉಣ್ಣುವ ಮನಸ್ಸು ಕಡಿಮೆಯಾಗಿದೆ, ನನ್ನನ್ನು ಬಯ್ಯುವ ಶಕ್ತಿ ಮಾತ್ರ ಕಡಿಮೆಯಾಗಿಲ್ಲ. ಮಾವನವರು ನಿಡೋಣಿಯ ಹೊಲದಲ್ಲಿದ್ದಾರೆ. ಈ ಸಾಲನ್ನು ಅತ್ತೆಯವರೇ ಬರೆಸಿದರು.

ಜೋಳದ ವಿದ್ಯೆ ಕಲಿಯಲು ಹೋದವರು ನೀವು, ಬರೆಯುವುದೆಲ್ಲ ಟೆಲಿವಿಜನ್ನಿನ ಸಂಸಾರದ ಸುದ್ದಿ. ಪೆಟ್ಟಿಗೆಯೊಳಗೆ ಗಂಡ, ಹೆಂಡತಿ, ಮಕ್ಕಳು ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ, ವಾರಕ್ಕೊಂದು ಜಗಳ ಆಡುತ್ತಾರೆ, ಅರ್ಧ ತಾಸಿನಲ್ಲಿ ಅದೂ ಹರಿದುಹೋಗುತ್ತದೆ. ನಾನು ಓದುತ್ತಿದ್ದರೆ ಓಣಿಯೆಲ್ಲ ಕಟ್ಟೆಗೆ ಬಂದು ಕೂಡುತ್ತಿತ್ತು. ಪಕ್ಕದ ಮನೆಯ ಬೀಬಿಜಾನ ಒಮ್ಮೆ ಕೇಳಿದ್ದಳು: "ಏನ ಬೇ, ಆಕಿಗಿ ಅತ್ತಿ ಇಲ್ಲೇನ? ಅದಕ್ಕs ನಕ್ಕೋತ ಇರತಾಳ ಬಿಡು." ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅತ್ತೆಯವರೂ ನಕ್ಕರು. ಈಗ ಯಾರೂ ಕಟ್ಟೆಗೆ ಬರುವುದಿಲ್ಲ.

ಹೋದ ಪತ್ರದಲ್ಲಿ ಆ ಟೆಲಿವಿಜನ್ನಿನ ಹೆಂಡತಿಯ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಕಳಿಸಿದಿರಿ. ಆಕೆಯನ್ನು ನೋಡಿದಾಗಲೆಲ್ಲ ನಿನ್ನ ನೆನಪಾಗಿ ನಾಚಿಕೆಯಾಗುತ್ತದೆ ಎಂದು ಬರೆದಿರಿ. ಹಾಗೇ ಒಂದು ಫೋಟೋ ತೆಗೆಸು, ಹಣೆ ಬೋಳಿರಲಿ, ಕೈ ಬೋಳಿರಲಿ, ಕೂದಲು ಬಿಟ್ಟಿರಲಿ, ಹಲ್ಲು ಕಾಣುವಂತೆ ನಗು. ಇಲ್ಲಿಯವರಿಗೆ ತೋರಿಸಲು ಯೋಗ್ಯವಾಗಿದ್ದರೆ ನಿನ್ನನ್ನು ಕರೆಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಅಲ್ಲೇ ಇರು, ಎಂದಿರಿ. ಮನೆಯಲ್ಲಿ ಯಾರಿಗೂ ಹೇಳಬೇಡ ಎಂದಿರಿ. ನಾನು ಹೇಳಲಿಲ್ಲ. ನಿಮ್ಮ ಜೊತೆ ಇರಬೇಕೆಂಬ ಆಸೆ ನನಗೆ ಅಷ್ಟಿತ್ತು ನೋಡಿ.

ಬೀಬಿಜಾನಳನ್ನು ಕರೆದುಕೊಂಡು ಗಾಂಧಿ ಚೌಕದ ಫೋಟೋ ಅಂಗಡಿಗೆ ಹೋದೆ. ಕುಂಕುಮ ಒರೆಸಿದೆ. ತಾಳಿ ಬಿಚ್ಚಿ ಅವಳ ಕೈಯಲ್ಲಿಟ್ಟೆ. ಹಸಿರು ಬಳೆಗಳು ಸಾಬೂನು ಹಚ್ಚಿದರೂ ಜಾರಲಿಲ್ಲ, ಬಾಗಿಲ ಮೆಟ್ಟಿಲಿಗೆ ಬಡಿದು ಒಡೆದೆ. ಫೋಟೋ ತೆಗೆಯುವ ರಸೂಲಸಾಬ ಗಾಬರಿಯಾಗಿ, "ಯವ್ವಾ, ಮುತ್ತೈದಿ ಆಗಿ ಇದೆಂಥಾ ಅವತಾರ? ನನ್ನ ಕೈಲೆ ಇಂಥಾದ್ದು ತಗಸಬ್ಯಾಡ" ಎಂದ. ನಮ್ಮ ಯಜಮಾನರು ಅಮೆರಿಕೆಯವರಾಗಿದ್ದಾರೆ, ಅವರಿಗೆ ಹೀಗೇ ಬೇಕು ಎಂದು ಹಟ ಹಿಡಿದೆ. ಬೀಬಿಜಾನ ತಾಳಿ ಹಿಡಿದುಕೊಂಡು, ಬಳೆಚೂರು ಯಾರ ಕಾಲಿಗೂ ಚುಚ್ಚಬಾರದೆಂದು ಸೆರಗಿನಲ್ಲಿ ಆರಿಸಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತಳು. ನಾನು ಕೂದಲು ಹರವಿಕೊಂಡು ಸ್ಟೂಲಿನ ಮೇಲೆ ಕೂತು ನಕ್ಕೆ. ಫೋಟೋ ಚೆನ್ನಾಗಿ ಬಂದಿದೆ, ಇದರೊಳಗಿಟ್ಟಿದ್ದೇನೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಪರೀಕ್ಷೆಯನ್ನು ಮನಸ್ಸಿಟ್ಟು ಬರೆಯಬೇಕಂತೆ, ಮನೆಯ ಚಿಂತೆ ಮಾಡಬಾರದಂತೆ.

ನೀವು ಮೆಚ್ಚಬೇಕೆಂದು ನಕ್ಕವಳು,
ರುಕ್ಮವ್ವ

ತಾ.ಕ.: ಮೇಲಿನದರಲ್ಲಿ ಅತ್ತೆಯವರು ಕೇಳಬಹುದಾದಷ್ಟನ್ನು ಅವರಿಗೆ ಓದಿ ತೋರಿಸಿಯಾಯಿತು. ಇದನ್ನು ಅಂಚೆ ಕಚೇರಿಯ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಫೋಟೋ ತೆಗೆಸಿದ ದಿನ ಮಾವನವರು ಸಂತೆಗೆಂದು ಚೌಕಕ್ಕೆ ಬಂದಿದ್ದರು. ಮೆಟ್ಟಿಲ ಮೇಲೆ ಬೀಬಿಜಾನಳನ್ನು ಕಂಡು, ಆ ತಾಳಿ ಯಾರದೆಂದು ಕೇಳಿದರು. "ನಿಮ್ಮ ಸೊಸೀದರಿ" ಎಂದಳು ಪಾಪ, ಇದ್ದದ್ದನ್ನೇ ಹೇಳಿದಳು. ಮಾವನವರು ಒಳಗೆ ಹಣಕಿ ನನ್ನನ್ನು ನೋಡಿದರು. ನಿಮ್ಮ ಹೆಸರನ್ನು ನಾನು ಬರೆಯಬಾರದು, ಆದರೆ ಅವರ ಕೊನೆಯ ಮಾತು ಅದೇ: "ಯಪ್ಪಾ ದಶರಥಾ, ನನಕಿಂತ ಮೊದಲ ಹೋದಿ ಏನೋ!" ಅಲ್ಲೇ ಬಿದ್ದರು. ನೀವು ಬದುಕಿದ್ದೀರಿ ಎಂದು ಅವರ ಕಿವಿಯಲ್ಲಿ ಕೂಗಿ ಕೂಗಿ ಹೇಳಿದೆ, ಕೇಳಿಸಲಿಲ್ಲ. ನಿಡೋಣಿಯ ಹೊಲದಲ್ಲೇ ಮಣ್ಣು ಮಾಡಿದ್ದೇವೆ. ನಿಮ್ಮ ಪರೀಕ್ಷೆ ಕೆಡಬಾರದೆಂದು ಅತ್ತೆಯವರು ತಾರು ಕೊಡಿಸಲಿಲ್ಲ. ಕೆಡಲಿ ಎಂದೇ ನಾನು ಬರೆಯುತ್ತಿದ್ದೇನೆ.

ಫೋಟೋದಲ್ಲಿ ನಾನು ನಗುತ್ತ ನೋಡುತ್ತಿರುವುದು ಬಾಗಿಲಲ್ಲಿ ನಿಂತ ನಿಮ್ಮ ತಂದೆಯನ್ನು. ಅಲ್ಲಿಯವರಿಗೆ ತೋರಿಸಿ. "ನನ್ನ ಕುಂಕುಮ ನುಂಗಿದಾಕಿ, ನಿನಗ್ಯಾಕ ಬೇಕ ಕುಂಕುಮ?" ಎಂದು ಅತ್ತೆಯವರು ನನ್ನ ಕುಂಕುಮದ ಭರಣಿಯನ್ನು ಬಚ್ಚಲಿಗೆ ಸುರಿದರು. ಹಣೆ ಇನ್ನೂ ಬೋಳಾಗಿಯೇ ಇದೆ. ನಿಮಗೂ ಹೀಗೇ ಬೇಕಿತ್ತಲ್ಲ.