ಬೀಜದ ನವಣೆ

ಗದಗಿನ ಬಯಲು, ಕಾರ್ತಿಕ ಮಾಸ, ಕ್ರಿ.ಶ. ೨೧೮೬

ಹಿಂದಿನ ಕಾಲದಲ್ಲಿ ಇನ್ನೂ ಅನ್ನ ಉಣ್ಣುತ್ತಿರುವ ಹಿರಿಯರೇ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ರೊಟ್ಟಿ, ಪಲ್ಯ ಎಂಬ ಮಾತುಗಳು ನಮ್ಮಲ್ಲಿ ಹಾಡುಗಳಲ್ಲಷ್ಟೇ ಉಳಿದಿವೆ. ನಾವು ತಿನ್ನುವುದು ಬಿಲ್ಲೆ. ಪಾಚಿಯನ್ನು ಒಣಗಿಸಿ ಕಾರ್ಖಾನೆಯಲ್ಲಿ ಒತ್ತಿದ ಹಸಿರು ತುಂಡು. ವಾರಕ್ಕೊಮ್ಮೆ ಬಂಡಿಯಲ್ಲಿ ತಂದು ಹಂಚುತ್ತಾರೆ. ಅದನ್ನು ಅಗಿಯಬೇಕಿಲ್ಲ, ಬಾಯಲ್ಲಿಟ್ಟರೆ ಕರಗುತ್ತದೆ. ನಮ್ಮ ಮಕ್ಕಳ ದವಡೆ ಸಣ್ಣದಾಗಿ ಹಲ್ಲುಗಳು ಒಂದರ ಮೇಲೊಂದು ಹುಟ್ಟುತ್ತಿವೆ.

ನಾನು ಶಾಲೆಯಲ್ಲಿ ಅನ್ನಪಾಠ ಹೇಳುವವಳು. ಮೀಸೆ ಚಿಗುರುವ ವಯಸ್ಸಿನ ಹುಡುಗರಿಗೆ, ಆ ವಯಸ್ಸಿನ ಹುಡುಗಿಯರಿಗೆ ಕಾಳು ಬೆಳೆಯುವುದು, ಬೇಯಿಸುವುದು, ಅಗಿದು ನುಂಗುವುದು, ಹಸಿವಿದ್ದಷ್ಟೇ ಉಣ್ಣುವುದನ್ನು ಕಲಿಸುತ್ತೇನೆ. ಶಾಲೆಯ ಹಿಂದೆ ಒಂದು ಮಡಿ ನವಣೆ ಬೆಳೆದೆವು. ಮೊದಲ ಸಲ ಅನ್ನ ಅಗಿಯುವಾಗ ಮಕ್ಕಳು ದವಡೆ ನೋವೆಂದು ನಕ್ಕರು. ಆಮೇಲೆ ತಟ್ಟೆ ನೆಕ್ಕಿದರು. ಬಿತ್ತನೆಗೆಂದು ಎತ್ತಿಟ್ಟ ಕಾಳಿಗೆ ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ ದ್ಯಾಮವ್ವ ಎಂಬ ಹುಡುಗಿಯ ಕೈಗೆ ಕೊಟ್ಟೆ. ತರಗತಿಯಲ್ಲಿ ಅವಳಷ್ಟು ಮನಸ್ಸಿಟ್ಟು ಕಲಿತವರಿರಲಿಲ್ಲ. ಬೀಜ ತಿಂದವರು ಮುಂದಿನ ವರ್ಷವನ್ನೇ ತಿಂದ ಹಾಗೆ ಎಂದು ಹೇಳಿಕೊಟ್ಟಿದ್ದೆ.

ಆ ಬೇಸಿಗೆಯಲ್ಲಿ ಕಾರ್ಖಾನೆಯ ಪಾಚಿ ಕೊಳೆಯಿತು. ಬಂಡಿ ನಿಂತಿತು. ದ್ಯಾಮವ್ವನಿಗೆ ನೀಲವ್ವ ಎಂಬ ಪುಟ್ಟ ತಂಗಿಯಿದ್ದಳು. ಆ ಕೂಸಿಗಾದರೂ ಒಂದು ಹಿಡಿ ನವಣೆ ಕೊಡೆಂದು ತಾಯಿ ಬೇಡಿಕೊಂಡಳಂತೆ, ಕಡೆಗೆ ಹೊಡೆದಳಂತೆ. ದ್ಯಾಮವ್ವ ಗಡಿಗೆಯನ್ನು ಎಲ್ಲೋ ಹೂತಿಟ್ಟು ಬಾಯಿ ಬಿಡಲಿಲ್ಲ. ಬಂಡಿ ಮತ್ತೆ ಬರುವಷ್ಟರಲ್ಲಿ ನೀಲವ್ವ ತೀರಿಕೊಂಡಿದ್ದಳು.

ಮಳೆ ಬಿದ್ದ ಮೇಲೆ ದ್ಯಾಮವ್ವ ಗಡಿಗೆಯನ್ನು ತಂದು ನನ್ನ ಮುಂದಿಟ್ಟಳು.

“ಒಂದು ಹಿಡಿ ಕುದಿಸಿ ಕೊಟ್ಟಿದ್ರ ಉಳೀತಿದ್ಲೇನ್ರಿ ಅಕ್ಕೋರ?” ಎಂದು ಕೇಳಿದಳು.

“ಗೊತ್ತಿಲ್ಲವ್ವ” ಎಂದೆ.

“ಎಷ್ಟು ಹಸಿದ್ರ ಬೀಜ ತಿನ್ನಬಹುದು ಅಂತ ನೀವು ಹೇಳಿಕೊಡ್ಲಿಲ್ಲ.”

ಅಂದೇ ಅವಳು ಒಬ್ಬಳೇ ಬಿತ್ತಿದಳು. ತೆನೆ ಚೆನ್ನಾಗಿ ಬಂತು. ಅದರ ಒಂದು ಅಗುಳನ್ನೂ ಅವಳು ಬಾಯಿಗಿಡಲಿಲ್ಲ; ತರಗತಿಗೂ ಮತ್ತೆ ಬರಲಿಲ್ಲ.

ನಿಮ್ಮ ಕಾಲದ ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳು ಬಿಸಿ ಅನ್ನದ ಮುಂದೆ ಸಾಲಾಗಿ ಕೂರುತ್ತಿದ್ದರೆಂದು ಕೇಳಿದ್ದೇನೆ. ಬೀಜ ಉಳಿಸುವ ಈ ಪಾಠವನ್ನು ಅಲ್ಲೇ, ಆ ಹೊತ್ತಿನಲ್ಲೇ ಹೇಳಿಬಿಡಿ. ಹೊಟ್ಟೆ ತುಂಬಿದವರು ಕಲಿತರೆ ಇದೊಂದು ಒಳ್ಳೆಯ ರೂಢಿ, ಅಷ್ಟೆ. ನಾನು ಹಸಿದವರಿಗೆ ಕಲಿಸಬೇಕಾಯಿತು.

ಇಂತಿ,
ಅಕ್ಕಮ್ಮ ಹೂಗಾರ