ಕೊಟ್ಟ ಚೆಂಡಿನ ಹಿಂದೆ

ವಿಶ್ರಾಮಬಾಗ, ಸಾಂಗಲಿ
೧೬ ಡಿಸೆಂಬರ್ ೨೦೨೪

ನನ್ನ ಮುದ್ದು ಸ್ನೇಹಲಾ,

ಪುಣೆಯ ಆ ತರಬೇತಿ ಶಿಬಿರದಲ್ಲಿ ನಿಮಗೆಲ್ಲ ವಾರಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು ಮಾತ್ರ ಫೋನು ಕೊಡುತ್ತಾರೆ. ಅಷ್ಟರಲ್ಲಿ ಇದನ್ನೆಲ್ಲ ಹೇಳಲಾಗದು. ಹೇಳಲು ನಾಚಿಕೆಯೂ ಹೌದು. ಮರಾಠಿ ಶಾಲೆಯಲ್ಲಿ ಕಲಿತ ನೀನು ಕನ್ನಡವನ್ನು ತಡವರಿಸಿ ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ನಿನ್ನ ಹುಡುಗಿಯರ ಫುಟ್‌ಬಾಲ್ ತಂಡ ಉಳಿದಿದೆ. ನೀನು ಹೋದ ವಾರವೇ ಮೃಣಾಲಳ ತಾಯಿ ಮನೆಗೆ ಬಂದು, ಮೈದಾನದಲ್ಲಿ ದೊಡ್ಡವರು ಯಾರೂ ಇಲ್ಲದಿದ್ದರೆ ಮಗಳನ್ನು ಕಳಿಸುವುದಿಲ್ಲ ಎಂದರು. ಉಳಿದ ತಾಯಂದಿರದೂ ಅದೇ ಮಾತು. ನೀನು ಕಷ್ಟಪಟ್ಟು ಕಟ್ಟಿದ್ದು ಕಣ್ಣೆದುರೇ ಮುರಿಯುವುದನ್ನು ನೋಡಲಾರದೆ, ಸಂಜೆ ನಾನು ಬಂದು ಕೂರುತ್ತೇನೆ ಎಂದುಬಿಟ್ಟೆ. ಮಿರಜದ ನಮ್ಮ ಸೀರೆ ಅಂಗಡಿಯನ್ನು ಅಷ್ಟು ಬೇಗ ಬಿಟ್ಟು ಬರುವುದು ಹೇಗೆಂಬ ಚಿಂತೆ. ನಿನ್ನ ಬಸವಪ್ರಸಾದ ಕಾಕಾ ಸೀರೆ ಮಡಚುತ್ತಲೇ, “ನೀವು ಹೋಗ್ರಿ ವೈನಿ, ಗಿರಾಕಿ ನಾ ನೋಡ್ಕೋತೇನಿ” ಎಂದ.

ಮೊದಮೊದಲು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ನೀನು ಕಲಿಸಿದ ಆ ಚೌಕದ ಆಟ. ಮೂಲೆಯಿಂದ ಮೂಲೆಗೆ ಚೆಂಡು ಒದೆಯುವುದು, ಒದ್ದವಳು ಅದರ ಹಿಂದೆಯೇ ಜೋರಾಗಿ ಓಡಿ ಆ ಮೂಲೆ ಹಿಡಿಯುವುದು, ಉಸಿರು ಪೂರ್ತಿ ತಿರುಗುವ ಮೊದಲೇ ಮತ್ತೆ ಶುರು. ಇಷ್ಟೇಕೆ ದಣಿಯುತ್ತೀರಿ ಎಂದು ಮೃಣಾಲಳನ್ನು ಕೇಳಿದೆ. ಮೊದಲ ಓಟದ ವೇಗ ಕೊನೆಯ ಓಟದಲ್ಲೂ ಇರಬೇಕು, ದಣಿದಾಗಲೂ ಪಾಸು ತಪ್ಪಬಾರದು, ಸ್ನೇಹಲ ದೀದಿ ಹೇಳಿದ್ದಾಳೆ ಅಂದಳು.

ಒಂದು ದಿನ ಸೋನಾಲಿಗೆ ಜ್ವರ. ಚೌಕಕ್ಕೆ ಒಬ್ಬಳು ಕಡಿಮೆ. ಮೃಣಾಲ ಬಂದು ನನ್ನ ಕೈ ಹಿಡಿದು ಎಬ್ಬಿಸಿದಳು. ನೆರಿಗೆ ಎತ್ತಿ ಸಿಕ್ಕಿಸಿ ನಿಂತೆ. ಚೆಂಡು ಹೇಗೋ ಒದ್ದೆ. ನೆಟ್ಟಗೆ ಹೋಯಿತಲ್ಲ ಎಂದು ನೋಡುತ್ತ ನಿಂತುಬಿಟ್ಟೆ.

“ಕಾಕೂ, ಚೆಂಡು ಕೊಟ್ಟು ನಿಂದ್ರಬ್ಯಾಡ್ರಿ. ಅದರ ಹಿಂದ ಓಡ್ರಿ” ಎಂದಳು ಮೃಣಾಲ.

ಓಡಿದೆ. ನಿನ್ನ ಅಪ್ಪ ಹೋದ ಮೇಲೆ ಮನೆ ಮತ್ತು ಅಂಗಡಿ ಬಿಟ್ಟರೆ ಎಲ್ಲಿಗೂ ಹೋದವಳಲ್ಲ ನಾನು. ಎದೆ ಡವಡವ ಎನ್ನುತ್ತಿತ್ತು, ಹುಡುಗಿಯರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸೋನಾಲಿಯ ಜ್ವರ ಇಳಿಯಿತು. ನಾನು ಮಾತ್ರ ಕಟ್ಟೆಗೆ ಮರಳಲಿಲ್ಲ. ಈಗ ನಿನ್ನ ಹಳೆಯ ಬೂಟು ಹಾಕಿಕೊಂಡು ಹೋಗುತ್ತೇನೆ. ಸ್ವಲ್ಪ ಬಿಗಿ.

ನಿನ್ನೆ ಮಿರಜದ ತಂಡದ ಜೊತೆ ಪಂದ್ಯವಿತ್ತು. ನಮ್ಮವರು ಯಾವಾಗಲೂ ಕೊನೆಯಲ್ಲಿ ಸುಸ್ತಾಗಿ ಸೋಲುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಈ ಸಲವೂ ಮೊದಲ ಗೋಲು ಅವರದೇ. ಆದರೆ ಆಟ ಮುಗಿಯುತ್ತ ಬಂದಂತೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಲ್ಲತೊಡಗಿದರು. ನಮ್ಮವರು ಓಡುತ್ತಲೇ ಇದ್ದರು. ಸೋನಾಲಿ ಚೆಂಡು ಕೊಟ್ಟಳು, ನಿಲ್ಲದೆ ಮುಂದೆ ನುಗ್ಗಿದಳು, ವಾಪಸು ಬಂದದ್ದನ್ನು ಗೋಲಿಗೆ ಹೊಡೆದಳು. ಪಂದ್ಯ ಸಮ. ಗೆಲ್ಲಲಿಲ್ಲ ನಿಜ, ಆದರೂ ಮೃಣಾಲಳ ತಾಯಿ ನನ್ನ ಭುಜ ಹಿಡಿದು ಕುಣಿದರು. ಮುಂದಿನ ವಾರದಿಂದ ತಾವೂ ಬರುತ್ತಾರಂತೆ, ಬರೀ ಕೂರಲಿಕ್ಕಲ್ಲ.

ನಿನ್ನಿಂದ ಉಪಕಾರವಾಯಿತು ಎಂದು ಯಾವ ತಾಯಿಯೂ ಮಗಳಿಗೆ ಬರೆಯುವುದಿಲ್ಲವೇನೋ. ನಾನು ಬರೆಯುತ್ತಿದ್ದೇನೆ. ಆ ಮಕ್ಕಳನ್ನು ನನ್ನ ಪಾಲಿಗೆ ಬಿಟ್ಟು ಹೋದೆಯಲ್ಲ, ದೊಡ್ಡ ಉಪಕಾರ ಮಾಡಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಛಾಯಾ

ತಾ.ಕ.: ಇನ್ನೊಂದು ಮಾತು. ನಿನ್ನ ಅಪ್ಪ ಹೋದಾಗಿನಿಂದ ಈ ಎರಡು ವರ್ಷ ನಾನು ನಿದ್ದೆಗೆ ಗುಳಿಗೆ ನುಂಗುತ್ತಿದ್ದೆ. ಗೊತ್ತಾದರೆ ನೀನು ಪುಣೆಗೆ ಹೋಗುವುದನ್ನೇ ಬಿಡುತ್ತೀ ಎಂದು ಮುಚ್ಚಿಟ್ಟಿದ್ದೆ. ಡಾಕ್ಟರು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿಸಿ ಈಗ ಪೂರ್ತಿ ನಿಲ್ಲಿಸಿದ್ದಾರೆ. ಮೈದಾನದಿಂದ ಬಂದು ರೊಟ್ಟಿ ತಿಂದು ಮಲಗಿದರೆ, ಹಾಲಿನವನು ಬಾಗಿಲು ಬಡಿದಾಗಲೇ ನನಗೆ ಎಚ್ಚರ.