‘ಒಳಗೆ’ ಎಂದು ಬರೆದವಳು

ಫೆಬ್ರವರಿ 3, ಸೋಮವಾರ

ಲಿಂಗರಾಜಪುರದಿಂದ ಶಿವಾಜಿನಗರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕ್ಲಿನಿಕ್ ಬಾಗಿಲು ತೆಗೆಯುವ ಮೊದಲೇ ಬೆಂಚಿನ ಮೇಲೆ ಒಂಬತ್ತು ಹೆಂಗಸರು. ಅವರಲ್ಲಿ ಆರು ಮಂದಿಗೆ ಮಾಹಿತಿ ಹಾಳೆ ಓದಲು ಕೊಟ್ಟು ನೋಡಿದೆ. ನಮ್ಮ ಅಧ್ಯಯನದ ಹೊಸ ಔಷಧದ್ದು — ಅಂಚೆಚೀಟಿಯಷ್ಟಗಲದ ತೆಳು ಫಿಲ್ಮ್. ಬೆರಳ ತುದಿಯಿಂದ ಯೋನಿಯೊಳಗೆ ಇಟ್ಟುಕೊಂಡರೆ ಅಲ್ಲೇ ಅಂಟಿಕೊಂಡು ವಾರವಿಡೀ ಕರಗುತ್ತಾ ಆ್ಯಂಟಿಬಯಾಟಿಕ್ ಬಿಡುತ್ತದೆ. ಹದಿನಾಲ್ಕು ದಿನ ಮಾತ್ರೆ ನುಂಗಿ, ವಾಂತಿ ಮಾಡಿ, ಅರ್ಧಕ್ಕೇ ಬಿಟ್ಟು, ಮತ್ತೆ ಬಿಳಿ ಸೆರಗು ಎಂದು ಬಂದು ಕೂರುವ ಗೋಳು ಇರುವುದಿಲ್ಲ. ನನಗಂತೂ ಇದರ ಮೇಲೆ ಪೂರ್ತಿ ನಂಬಿಕೆ.

ಏಜೆನ್ಸಿಯವರು ‘ಯೋನಿಯೊಳಗೆ ಇರಿಸಿ’ ಎಂದು ಅನುವಾದಿಸಿ ಕಳಿಸಿದ್ದರು. ಮೊದಲನೆಯವಳು ಓದಿ ಸೆರಗು ಬಾಯಿಗೊತ್ತಿಕೊಂಡಳು. ಎರಡನೆಯವಳು ಹಾಳೆಯನ್ನೇ ಮಡಚಿ ವಾಪಸ್ ಕೊಟ್ಟಳು. “ಇದನ್ನ ಮನೇಲಿ ಇಡಕ್ಕಾಗಲ್ಲ ಮೇಡಂ, ಮಕ್ಕಳು ಓದ್ತಾರೆ.”

ಸಂಜೆ ಅಮ್ಮನನ್ನು ಕೇಳಿದೆ, ನಿಮ್ಮ ಕಾಲದಲ್ಲಿ ಅದಕ್ಕೆ ಏನಂತಿದ್ರಿ ಅಂತ. “ಅದಕ್ಕೇನು ಹೆಸರಿಟ್ಟು ತೊಟ್ಟಿಲು ತೂಗ್ಬೇಕಿತ್ತಾ? ಸುಮ್ನೆ ಊಟ ಮಾಡೇ.”

ಊಟವಾದ ಮೇಲೆ ಆ ಪದ ಹೊಡೆದು ಹಾಕಿದೆ. ‘ವಾರಕ್ಕೊಂದು ಫಿಲ್ಮನ್ನು ಒಳಗೆ ತೆಗೆದುಕೊಳ್ಳಿ’ ಎಂದು ಬರೆದೆ. ಎಷ್ಟು ಮರ್ಯಾದಸ್ಥ ವಾಕ್ಯ! ಕನ್ನಡ ಎಂ.ಎ. ದಂಡವಾಗಲಿಲ್ಲ.

ಫೆಬ್ರವರಿ 19

ಎಥಿಕ್ಸ್ ಕಮಿಟಿ ಹಾಳೆಯನ್ನು ಒಪ್ಪಿತು. ನನ್ನ ಬದಲಾವಣೆಯ ಪಕ್ಕ ‘ವೆರಿ ಸೆನ್ಸಿಟಿವ್’ ಎಂದು ಷರಾ. ಅಧ್ಯಯನದ ಮುಖ್ಯಸ್ಥೆ ಡಾ. ಸಾಲೇಹಾ ಎಲ್ಲರಿಗೂ ಬನ್ ತರಿಸಿದರು. “ಹಾಳೆಯೊಂದೇ ಸಾಲದು ಬೃಂದಾ. ಪ್ರತಿಯೊಬ್ಬರಿಗೂ ಮಾಡೆಲ್ ಮೇಲೆ ತೋರಿಸ್ಬೇಕು.” ಹೆಂಗಸಿನ ಅಂಗದ ರಬ್ಬರ್ ಮಾಡೆಲ್ ಬೀರುವಿನಲ್ಲಿದೆ. ತೋರಿಸ್ತೀನಿ ಡಾಕ್ಟ್ರೇ ಎಂದೆ.

ಮಾರ್ಚ್ 6, ಗುರುವಾರ

ಇವತ್ತು ಅಧ್ಯಯನಕ್ಕೆ ಸೇರಿದವಳು ಕಾವೇರಿ. ಇಪ್ಪತ್ತಾರು. ಚಿತ್ತಾಪುರದ ಕಡೆಯವಳು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಮಾರತ್ತಹಳ್ಳಿಯ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್. ಮದುವೆಯಾಗಿ ಆರು ವರ್ಷ, ಎರಡು ಸಲ ಗರ್ಭ ಇಳಿದಿದೆ. ಸೋಂಕು ಬಿಟ್ಟೂಬಿಡದೆ ಕಾಡುತ್ತಿದೆ. “ಇದು ವಾಸಿ ಆದ್ರ ಕೂಸು ನಿಲ್ತದೇನ್ರಿ ಅಕ್ಕಾ?” ಇದೊಂದೇ ಪ್ರಶ್ನೆ, ಮೂರು ಸಲ. ನಿಲ್ಲಬಹುದು ಎಂದೆ. ಸುಳ್ಳಲ್ಲ. ಸೋಂಕು ಗರ್ಭನಾಳಕ್ಕೆ ಏರುವ ಮೊದಲು ಹೋಗಬೇಕು, ಅಷ್ಟೆ.

ಏಳನೇ ಕ್ಲಾಸಿನವರೆಗೆ ಓದಿದ್ದಾಳೆ. ಹಾಳೆಯನ್ನು ಗಟ್ಟಿಯಾಗಿ ಓದಿದಳು, ಒಂದಕ್ಷರ ತಪ್ಪಿಲ್ಲ.

ಗಂಡ ಭೀಮಾಶಂಕರ ಪಕ್ಕದಲ್ಲೇ ಕೂತಿದ್ದ, ಅವಳ ನೀರಿನ ಬಾಟಲಿ ಹಿಡಿದುಕೊಂಡು. ಅವಳಿಗೆ ಆಸ್ಪತ್ರೆಯೆಂದರೆ ಹೆದರಿಕೆಯಂತೆ. ಒಳ್ಳೆಯ ಹುಡುಗ. ಅವನೆದುರು ಬೀರು ತೆಗೆದು ಆ ಮಾಡೆಲ್ ಮೇಜಿನ ಮೇಲಿಡಲು ಕೈ ಬರಲಿಲ್ಲ. ಹೊರಗೆ ಕೂತಿರಿ ಎನ್ನಲು ಬಾಯಿಯೂ ಬರಲಿಲ್ಲ. ದನಿ ತಗ್ಗಿಸಿ, “ಒಳಗೆ ತಗೋಬೇಕು, ಗೊತ್ತಾಯ್ತಲ್ಲ?” ಎಂದೆ. ತಲೆಯಾಡಿಸಿದಳು. ಮೂರು ವಾರಕ್ಕೆ ಮೂರು ಫಿಲ್ಮ್, ಜೊತೆಗೆ ನೋವಿಗೆ ಮಾತ್ರೆ ಕೊಟ್ಟು ಕಳಿಸಿದೆ.

‘ಮಾಡೆಲ್ ತೋರಿಸಲಾಗಿದೆ’ — ಟಿಕ್ ಹಾಕಿದೆ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು.

ಮಾರ್ಚ್ 13

ಕಾವೇರಿಗೆ ಫೋನ್. “ತಗೊಂಡೀನ್ರಿ. ಭಾಳ ಕಹಿ ಅದರೀ ಅಕ್ಕಾ.” ನೋವಿನ ಮಾತ್ರೆ ಕಹಿಯೇ. ಬೆಲ್ಲ ಬಾಯಿಗೆ ಹಾಕ್ಕೊಳ್ಳಿ ಎಂದೆ. ‘ತೊಂದರೆ ಏನಿಲ್ಲ’ ಎಂದು ರಿಜಿಸ್ಟರಿನಲ್ಲಿ ಬರೆದೆ.

ಮಾರ್ಚ್ 28

ಕಾವೇರಿ ತಪಾಸಣೆಗೆ ಬಂದಿಲ್ಲ. ಯುಗಾದಿಗೆ ಊರಿಗೆ ಹೋಗಿದ್ದಾಳಂತೆ. ಬಂದ ಮೇಲೆ ಕರೆಸಬೇಕು.

ಏಪ್ರಿಲ್ 15, ಮಂಗಳವಾರ. ಮಧ್ಯಾಹ್ನ 3

ಬರೆಯದಿದ್ದರೆ ತಲೆ ಒಡೆದುಹೋಗುತ್ತದೆ.

ಬೆಳಿಗ್ಗೆ ಭೀಮಾಶಂಕರನ ಫೋನ್. ಕಾವೇರಿಗೆ ನಾಲ್ಕು ದಿನದಿಂದ ಜ್ವರ, ಆಸ್ಪತ್ರೆಗೆ ಸೇರಿಸಿದ್ದಾನೆ. ಓಡಿದೆ. ಸೋಂಕು ಮೇಲೇರಿದೆ, ಎರಡೂ ಗರ್ಭನಾಳಗಳಲ್ಲಿ ಕೀವು ತುಂಬಿದೆ ಎಂದರು ಅಲ್ಲಿಯ ಡಾಕ್ಟರ್. ಮೂರು ಫಿಲ್ಮ್ ಬಳಸಿದ ಮೇಲೂ ಹೇಗೆ? ಅವಳನ್ನೇ ಕೇಳಿದೆ.

“ಮೂರೂ ತಗೊಂಡೀನ್ರಿ. ನಾಲಿಗಿಗೆ ಅಂಟ್ಕೋತಿತ್ತು. ನೀರು ಕುಡಿದು ನುಂಗೀನಿ.”

ನುಂಗಿದ್ದಾಳೆ. ಮೂರನ್ನೂ. ಹೊಟ್ಟೆಗೆ ಹೋದರೆ ಅಷ್ಟು ಚೂರು ಔಷಧ ಏನಕ್ಕೂ ಸಾಲದು. ಇಟ್ಟ ಜಾಗದಲ್ಲೇ ಕೆಲಸ ಮಾಡಲೆಂದು ಮಾಡಿದ್ದು.

“ಒಳಗ ತಗೋಬೇಕು ಅಂದಿದ್ರಿ ಅಲ್ಲೇನ್ರಿ?” ಎಂದಳು. ದೂರಲಿಲ್ಲ. ಸರಿಯಾಗೇ ಮಾಡಿದ್ದೀನಲ್ಲ ಎಂದು ನನ್ನನ್ನೇ ಕೇಳುತ್ತಿದ್ದಳು.

ಔಷಧ ತೆಗೆದುಕೊಳ್ಳುವುದು ಎಂದರೆ ಕನ್ನಡದಲ್ಲಿ ಬಾಯಿಗೆ ಹಾಕಿಕೊಳ್ಳುವುದು. ಮಗುವಿಗೂ ಗೊತ್ತು. ಎಂ.ಎ. ಮಾಡಿದವಳಿಗೆ ಹೊಳೆಯಲಿಲ್ಲ. ಆರು ಹೆಂಗಸರ ನಾಚಿಕೆ ಕಾಪಾಡಿದೆ ಅಂದುಕೊಂಡಿದ್ದೆ. ಕಾಪಾಡಿದ್ದು ನನ್ನ ನಾಚಿಕೆಯನ್ನು.

ಅವಳು ಕಹಿ ಅಂದಿದ್ದು ಫಿಲ್ಮನ್ನು. ಬೆಲ್ಲ ತಿನ್ನಿ ಅಂದೆನಲ್ಲ ನಾನು. ಥೂ.

ಏಪ್ರಿಲ್ 16

ಉಳಿದ ಮೂವತ್ತೊಂದು ಮಂದಿಗೂ ಫೋನ್ ಮಾಡಿ ಕೇಳಿದೆ. ಎಲ್ಲರೂ ಸರಿಯಾಗಿಯೇ ಬಳಸಿದ್ದಾರೆ. ಅವರಿಗೆಲ್ಲ ಮಾಡೆಲ್ ತೋರಿಸಿದ್ದೆ. ಹೆಚ್ಚಿನವರಿಗೆ ವಾಸಿಯಾಗಿದೆ. ಒಬ್ಬಾಕೆ ಹರಸಿದಳು. ಖುಷಿಪಡಬೇಕಾದ ಸುದ್ದಿ... ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಕಾವೇರಿಯ ಫಾರ್ಮ್‌ನಲ್ಲಿ ಕಾರಣ ಬರೆಯಬೇಕು. ಆಫೀಸಿನ ಅಮರಪ್ಪ ಬುದ್ಧಿ ಹೇಳಿದರು: “ಪಾರ್ಟಿಸಿಪೆಂಟ್ ಎರರ್ ಅಂತ ಹಾಕ್ಬಿಡಿ ಮೇಡಂ. ಅವ್ರೇ ತಾನೆ ನುಂಗಿದ್ದು?” ಹಾಕಲಿಲ್ಲ. ‘ಹಾಳೆಯ ಪದ ತಪ್ಪು. ಮಾಡೆಲ್ ತೋರಿಸಿರಲಿಲ್ಲ. ಟಿಕ್ ಸುಳ್ಳು’ ಎಂದು ಬರೆದು ಸಹಿ ಮಾಡಿದೆ. ಸಾಲೇಹಾ ಡಾಕ್ಟ್ರು ಓದಿ ಕನ್ನಡಕ ತೆಗೆದಿಟ್ಟರು. “ಬೈಯಕ್ಕೂ ಆಗ್ತಿಲ್ಲ ಬೃಂದಾ.” ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 17

ಆಪರೇಷನ್ ಆಯಿತು. ಎರಡೂ ನಾಳ ತೆಗೆದಿದ್ದಾರೆ. ಜೀವ ಉಳಿಯಿತಲ್ಲ ಎಂದು ಭೀಮಾಶಂಕರ ಸಿಕ್ಕಿದವರಿಗೆಲ್ಲ ಕೈ ಮುಗಿಯುತ್ತಿದ್ದ. ನನಗೂ.

ಏಪ್ರಿಲ್ 27, ಭಾನುವಾರ

ಹತ್ತು ದಿನ ಹೋಗಲು ಧೈರ್ಯವಾಗಲಿಲ್ಲ. ಇವತ್ತು ಹೋದೆ. ತಪ್ಪು ನಂದು, ನಿಮ್ಮದಲ್ಲ — ಇಷ್ಟನ್ನೇ ಕೆ.ಆರ್. ಪುರದವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ.

ಕಾವೇರಿ ಒಬ್ಬಳೇ ಇದ್ದಳು. ಗಂಡ ಕೆಲಸಕ್ಕೆ ಹೋಗಿದ್ದ. ಹೇಳಿದೆ. ಯಾವ ಪದ ಹೊಡೆದು ಹಾಕಿದೆ, ಯಾಕೆ, ಎಲ್ಲಾ. ಹೇಳುತ್ತಾ ನಾನೇ ಅತ್ತುಬಿಟ್ಟೆ, ನಾಚಿಕೆಗೆಟ್ಟವಳು.

“ಅಯ್ಯ, ಅಳಬ್ಯಾಡ್ರಿ ಅಕ್ಕಾ. ಈಗ ತಿಳೀತಲ್ಲ. ಇನ್ನೊಮ್ಮಿ ಆ ಫಿಲ್ಮ್ ಕೊಡ್ರಿ, ಈ ಸಲ ಸರೀ ಇಟ್ಕೋತೀನಿ. ಗಡ್ಡಿನೂ ತಗದಾರ. ಇನ್ನ ಕೂಸು ನಿಲ್ತದ.”

ಗಡ್ಡೆ. ಅವಳಿಗೆ ಹಾಗಂತ ಹೇಳಿದ್ದಾರೆ. ಆಸ್ಪತ್ರೆಯವರು ಭೀಮಾಶಂಕರನಿಗೆ ಹೇಳಿದ್ದೋ, ಅವನೇ ಇವಳಿಗೆ ಕಟ್ಟಿ ಹೇಳಿದ್ದೋ, ಗೊತ್ತಾಗಲಿಲ್ಲ.

ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆಯ ಮೇಲೆ ಕೈಯೊತ್ತಿಕೊಂಡು ಎದ್ದು ಡಿಸ್ಚಾರ್ಜ್ ಕಾಗದ ತಂದಳು. “ಇಂಗ್ಲೀಷ್ ಅದ. ಏನ್ ಬರದಾರ, ಓದಿ ಹೇಳ್ರಿ.”

ಈ ಸಲ ಪದ ಹುಡುಕಲಿಲ್ಲ. ಗರ್ಭಚೀಲಕ್ಕೆ ಅಂಡ ಬಂದು ಸೇರುವ ನಾಳ ಎರಡಿರುತ್ತವೆ. ಎರಡನ್ನೂ ಕತ್ತರಿಸಿ ತೆಗೆದಿದ್ದಾರೆ. ಇನ್ನು ತಾನಾಗಿ ಗರ್ಭ ನಿಲ್ಲುವುದಿಲ್ಲ, ಕಾವೇರಿ.

“ಎಲ್ಲಿ ಬರದಾರ್ರಿ?”

ಆ ಸಾಲಿನ ಮೇಲೆ ಬೆರಳಿಟ್ಟೆ. ಕಾಗದ ಕಣ್ಣ ಹತ್ತಿರ ಹಿಡಿದು ನೋಡಿದಳು.

“ಇದಿಷ್ಟೇ ಏನ್ರಿ? ಎರಡ ಮಾತು?”

ಹೌದು ಎಂದೆ.

ಪಕ್ಕದ ಕೋಣೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಆಮೇಲೆ ಹಳೆಯ ನೋಟ್‌ಬುಕ್ಕೊಂದನ್ನು ನನ್ನ ಮುಂದಿಟ್ಟಳು. “ಕನ್ನಡದಾಗ ಬರದು ಕೊಡ್ರಿ ಅಕ್ಕಾ. ಅವ್ರು ಬಂದ ಮ್ಯಾಲ ಓದ್ಲಿ. ನನ್ನ ಬಾಯಿಲಿಂದ ಬರಂಗಿಲ್ಲ.”

ಪೆನ್ನು ತೆಗೆದೆ. ‘ಎರಡೂ’ ಎಂದು ಬರೆದೆ. ಪಕ್ಕದಲ್ಲೇ ಕೂತು ಅಕ್ಷರ ಮೂಡಿದ ಹಾಗೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಎ... ರ... ಡೂ... ಮುಂದಿನ ಪದವನ್ನೂ ಮುಚ್ಚಿಡದೆ ಬರೆದೆ, ‘ಗರ್ಭನಾಳ’; ಅದನ್ನೂ ಅವಳು ಗಟ್ಟಿಯಾಗಿಯೇ ಓದಿದಳು.